ಇಲಿ ತಿಂದ ಪೆಟ್ಟಿಗೆ

ಖಾಲಿ ರಟ್ಟಿನ ಪೆಟ್ಟಿಗೆಯನ್ನು ಬಿಸಾಡುವುದು ನನ್ನ ಕೈಲಿ ಆಗುವುದಿಲ್ಲ. ಮಿಕ್ಸಿ ಕೆಟ್ಟು ಗುಜರಿಗೆ ಹೋಗಿ ನಾಲ್ಕು ವರ್ಷವಾಯಿತು, ಅದರ ಪೆಟ್ಟಿಗೆ ಮಾತ್ರ ಅರಸೀಕೆರೆಯ ನಮ್ಮ ಮನೆಯ ಅಟ್ಟದ ಮೇಲೆ ಕ್ಷೇಮವಾಗಿದೆ. ಚಪ್ಪಲಿಯ ಡಬ್ಬ, ಗಡಿಯಾರದ ಡಬ್ಬ, ಮಗಳ ಮದುವೆಯಲ್ಲಿ ಯಾರೋ ಕೊಟ್ಟ ಕುಂಕುಮ ಭರಣಿಯ ಡಬ್ಬ, ಎಲ್ಲವೂ ಒಂದರೊಳಗೊಂದು ಕೂತು ಸಂಸಾರ ಮಾಡುತ್ತಿವೆ. ನನ್ನ ಹೆಂಡತಿ ಸರೋಜ ಅಟ್ಟಕ್ಕೆ ಕೈ ಹಾಕಿದಾಗಲೆಲ್ಲ ಅವುಗಳಲ್ಲೊಂದು ಅವಳ ತಲೆಯ ಮೇಲೆ ಬೀಳುತ್ತದೆ.

"ಏನ್ರೀ ಇದು, ಮೇಷ್ಟ್ರ ಮನೆಯೋ, ಪಾರ್ಸಲ್ ಆಫೀಸೋ?" ಎಂದು ಅವಳು ಕೂಗುತ್ತಾಳೆ.

"ಇರಲಿ ಬಿಡೇ, ಯಾವುದಕ್ಕಾದ್ರೂ ಬೇಕಾಗುತ್ತೆ" ಎನ್ನುತ್ತೇನೆ. ಇವತ್ತಿನವರೆಗೆ ಯಾವುದಕ್ಕೂ ಬೇಕಾಗಿಲ್ಲ. ನಿಜವಾದ ಕಾರಣ ಬೇರೆಯೇ ಇತ್ತು. ರಟ್ಟಿನ ಪೆಟ್ಟಿಗೆಗೆ ಕತ್ತರಿ ಇಡುವುದೆಂದರೆ ನನಗೆ ಏಳನೇ ವಯಸ್ಸಿನಿಂದ ಹೆದರಿಕೆ. ಅದು ಏಕೆಂದು ಐವತ್ತೆಂಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿಸಿದವರು ಪಾರ್ವತಮ್ಮ. ಅವರ ವಿಷಯಕ್ಕೆ ಬರುವ ಮುಂಚೆ ನನ್ನ ಅಕ್ಕನ ವಿಷಯ.

ಯುಗಾದಿಗೆ ಮುಂಚೆ ಒಂದು ದಿನ ಬೇಲೂರಿನಿಂದ ಗಿರಿಜಕ್ಕ ಬಂದಳು. ಕಂಕುಳಲ್ಲಿ ಟವೆಲು ಸುತ್ತಿದ ಒಂದು ಗಂಟು. ಎಳೆ ಕೂಸನ್ನು ಮಲಗಿಸುವಂತೆ ಅದನ್ನು ನಮ್ಮ ಮಂಚದ ಮೇಲೆ ಇಟ್ಟು ಬಿಚ್ಚಿದಳು. ಒಳಗಿದ್ದದ್ದು ಅವಳ ಚಿಕ್ಕಂದಿನ ಬೊಂಬೆಯ ರಟ್ಟಿನ ಪೆಟ್ಟಿಗೆ.

"ಮನೆಗೆ ಸುಣ್ಣ ಬಣ್ಣ ಮಾಡಿಸ್ತಾ ಇದ್ವಲ್ಲ, ಟ್ರಂಕು ವರಾಂಡದಲ್ಲಿಟ್ಟಿದ್ರು. ಮೇಲಿನ ಟ್ಯಾಂಕು ತುಂಬಿ ಹರಿದು ಎಲ್ಲಾ ನೆನೆದುಹೋಯ್ತು ಕಣೋ. ಬೊಂಬೆಗೇನೂ ಆಗಿಲ್ಲ. ಪೆಟ್ಟಿಗೆ ಗತಿ ನೋಡು" ಎಂದಳು ಅಕ್ಕ. "ನಿಮ್ಮೂರಲ್ಲಿ ಯಾರೋ ಒಬ್ಬಾಕೆ ಇಂಥಾದ್ದನ್ನ ಸರಿಮಾಡ್ತಾರಂತಲ್ಲ, ಅವರ ಕೈಲಿ ಕೊಡು. ಮೊದಲೇ ಆ ಹಾಳು ಇಲಿ ಮುಚ್ಚಳ ತಿಂದುಹಾಕಿತ್ತು. ಈಗ ಉಳಿದಿದ್ದೂ ಹೋಯ್ತು."

"ಹೌದು, ಇಲಿ" ಎಂದೆ ನಾನು.

ನಾವು ಹುಟ್ಟಿ ಬೆಳೆದದ್ದು ಜಾವಗಲ್ಲಿನಲ್ಲಿ. ಅಪ್ಪ ಕೊಬ್ಬರಿ ವ್ಯಾಪಾರಿ. ವರ್ಷಕ್ಕೊಮ್ಮೆ ಮುಂಬಯಿಗೆ ಹೋಗಿ ಬರುವರು. ಒಂದು ಸಲ ಅಕ್ಕನಿಗೆ ಒಂದು ಕೀಲಿ ಬೊಂಬೆ ತಂದರು. ತಗಡಿನ ಹುಡುಗಿ, ಕೆಂಪು ಸೈಕಲ್ಲಿನ ಮೇಲೆ ಕೂತಿದ್ದಳು. ಕೀಲಿ ತಿರುಗಿಸಿ ಬಿಟ್ಟರೆ ಪಡಸಾಲೆಯಲ್ಲಿ ಗುಂಡಗೆ ಸುತ್ತುವಳು. ಪೆಟ್ಟಿಗೆಯಂತೂ ಬೊಂಬೆಗಿಂತ ಚಂದ. ಮುಚ್ಚಳದ ಮೇಲೆ ಸರ್ಕಸ್ಸಿನ ಡೇರೆ, ಡೇರೆಯೊಳಗೆ ಅದೇ ಹುಡುಗಿ, ಜಡೆಗೆ ಕಟ್ಟಿದ ರಿಬ್ಬನ್ ಗಾಳಿಗೆ ಹಾರುತ್ತಿದೆ, ಹಿಂದೆ ಒಂದು ಚುಕ್ಕೆ ನಾಯಿ ಓಡುತ್ತಿದೆ. ಆಗ ಜಾವಗಲ್ಲಿನಲ್ಲಿ ಹೆಣ್ಣುಮಕ್ಕಳು ಸೈಕಲ್ಲು ಹತ್ತುವ ಮಾತೇ ಇರಲಿಲ್ಲ. ಹನ್ನೊಂದು ವರ್ಷದ ಅಕ್ಕ ಆ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುತ್ತಿದ್ದಳು.

ನನಗೆ ಅಪ್ಪ ತಂದದ್ದು ಅಟ್ಲಾಸು. "ಗಂಡುಹುಡುಗ, ಪ್ರಪಂಚ ತಿಳ್ಕೋಬೇಕು" ಎಂದು ತಲೆ ಸವರಿ ಕೊಟ್ಟರು. ಏಳು ವರ್ಷದ ಹುಡುಗನಿಗೆ ಪ್ರಪಂಚ ಯಾಕೆ ಬೇಕು? ನನಗೆ ಕೀಲಿ ಕೊಟ್ಟರೆ ಓಡುವಂಥದ್ದು ಬೇಕಿತ್ತು. ಅಟ್ಲಾಸಿಗೆ ಕೀಲಿ ಕೊಡುವ ಜಾಗ ಎಲ್ಲಿದೆಯೆಂದು ನಿಜವಾಗಿಯೂ ಹುಡುಕಿದ್ದೆ. ಮುಂದೆ ಮೂವತ್ತಮೂರು ವರ್ಷ ಭೂಗೋಳದ ಮೇಷ್ಟ್ರಾಗಿ ಮಕ್ಕಳಿಗೆ ನದಿ ಪರ್ವತ ಉರು ಹೊಡೆಸಿದೆನಲ್ಲ, ಅದಕ್ಕೆ ಅದೇ ಅಟ್ಲಾಸೇ ಕಾರಣ ಎಂದು ಬೀಳ್ಕೊಡುಗೆ ಸಮಾರಂಭದಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದರ ಒಳರಟ್ಟಿನಲ್ಲಿ ಏನಿದೆ ಎಂದು ಮಾತ್ರ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಪ್ಪನ ಬ್ಲೇಡು ತೆಗೆದುಕೊಂಡು ಮುಚ್ಚಳದಿಂದ ಸೈಕಲ್ ಹುಡುಗಿಯನ್ನು ಕತ್ತರಿಸಿದೆ. ಅಡುಗೆಮನೆಯಿಂದ ನಾಲ್ಕು ಅಗುಳು ಅನ್ನ ತಂದು ನನ್ನ ಅಟ್ಲಾಸಿನೊಳಗೆ ಅಂಟಿಸಿದೆ. ಹೊಟ್ಟೆಕಿಚ್ಚು ತಣ್ಣಗಾದ ಮೇಲೆ ಭಯ ಶುರುವಾಯಿತು. ಮುಚ್ಚಳದಲ್ಲಿ ಬ್ಲೇಡಿನಿಂದ ನೀಟಾಗಿ ಕೊಯ್ದ ತೂತು. ನೋಡಿದವರಿಗೆ ಯಾರ ಕೆಲಸವೆಂದು ಗೊತ್ತಾಗದೆ ಇರುತ್ತದೆಯೇ? ಆಗ ಹೊಳೆಯಿತು ಇಲಿಯ ಉಪಾಯ. ಗೋಡೆಗೆ ಒರಗಿ ಕೂತು ತೂತಿನ ಅಂಚನ್ನು ಸುತ್ತಲೂ ಕಚ್ಚಿದೆ. ಕಚ್ಚಿದ್ದನ್ನು ಉಗುಳಿದರೆ ಸಿಕ್ಕಿಬೀಳುತ್ತೇನೆಂದು ಅಷ್ಟನ್ನೂ ನುಂಗಿದೆ. ರಟ್ಟಿನ ರುಚಿ ನಿಮಗೆ ಗೊತ್ತಿರಲಾರದು. ಹಳೇ ಹಪ್ಪಳವನ್ನು ನೀರಲ್ಲಿ ನೆನೆಸಿ ತಿಂದ ಹಾಗೆ ಇರುತ್ತದೆ.

ಎಲ್ಲರೂ ನಂಬಿದರು. ಅಪ್ಪ ಇಲಿಬೋನು ತಂದಿಟ್ಟರು. ಬೋನಿಗೆ ಒಂದೂ ಬೀಳಲಿಲ್ಲ. ಅಕ್ಕ ಮೂರು ದಿನ ಅತ್ತಳು. ಇನ್ನೂ ಒಂದು ಸಂಗತಿ ನಡೆಯಿತು. ಅದನ್ನು ನಾನು ಬಹಳ ಬೇಗ ಮರೆತುಬಿಟ್ಟೆ. ಮರೆತೆನೋ, ಮರೆಯಬೇಕೆಂದು ಮರೆತೆನೋ, ಈಗ ಹೇಳಲಾರೆ.

ಪಾರ್ವತಮ್ಮನವರ ಮನೆ ಇರುವುದು ಅರಸೀಕೆರೆ ರೈಲ್ವೆ ಸ್ಟೇಷನ್ನಿಗೆ ಹೋಗುವ ಒಂದು ಓಣಿಯಲ್ಲಿ. ಮೊದಲು ಅದು ಅವರ ಮಾವನವರ ಬೈಂಡಿಂಗ್ ಅಂಗಡಿ. ಕಚೇರಿಯ ರಿಜಿಸ್ಟರು, ಮಠದ ಹಳೆಯ ಪುಸ್ತಕ, ಶಾಲೆಯ ಹಾಜರಿ ಪುಸ್ತಕ ಎಲ್ಲವೂ ಅಲ್ಲಿ ರಟ್ಟು ಹೊದ್ದು ಹೋಗುತ್ತಿದ್ದವು. ಮದುವೆಯಾಗಿ ಬಂದ ಪಾರ್ವತಮ್ಮ ಮಾವನ ಪಕ್ಕ ಕೂತು ಕೆಲಸ ಕಲಿತರು. ಕಚೇರಿಗಳಿಗೆ ಕಂಪ್ಯೂಟರು ಬಂದು ಬೈಂಡಿಂಗ್ ನಿಂತಾಗ, ಮೈಸೂರಿನ ಒಬ್ಬ ಗೃಹಸ್ಥರು ರೈಲಿಗೆ ಕಾಯುತ್ತಾ ಇವರ ಅಂಗಡಿಯ ಜಗಲಿಯಲ್ಲಿ ಕೂತಿದ್ದರಂತೆ. ಅವರಿಗೆ ಹಳೆಯ ಆಟಿಕೆ ಕೂಡಿಡುವ ಹುಚ್ಚು. ಕೈಯಲ್ಲಿ ಒಂದು ತಗಡಿನ ಕಾರು, ಅದರ ಡಬ್ಬ ಪ್ರಯಾಣದಲ್ಲಿ ಅಪ್ಪಚ್ಚಿಯಾಗಿತ್ತು. ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದವರನ್ನು ನೋಡಲಾರದೆ ಪಾರ್ವತಮ್ಮ "ಕೊಡಿ ಇಲ್ಲಿ" ಎಂದು ಇಸಿದುಕೊಂಡು, ರೈಲು ಬರುವಷ್ಟರಲ್ಲಿ ಮೂಲೆಗಳನ್ನು ನಿಲ್ಲಿಸಿ ಕೊಟ್ಟರಂತೆ. ಅವರಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ಮತ್ತೊಬ್ಬರಿಗೆ ಸುದ್ದಿ ಹೋಗಿ, ಈಗ ಎಲ್ಲೆಲ್ಲಿಂದಲೋ ಕೊರಿಯರಿನಲ್ಲಿ ಮುರುಕು ಡಬ್ಬಗಳು ಬರುತ್ತವೆ.

ಹಳೆಯ ಆಟಿಕೆಯವರ ಲೋಕದಲ್ಲಿ ಡಬ್ಬವಿಲ್ಲದ ಆಟಿಕೆಗೆ ಮರ್ಯಾದೆ ಕಡಿಮೆಯಂತೆ. ನಾನು ಅದನ್ನು ಕೇಳಿ ನಕ್ಕಾಗ ಪಾರ್ವತಮ್ಮ ನಗಲಿಲ್ಲ.

"ಬೊಂಬೆ ತಗಡು ಮೇಷ್ಟ್ರೇ, ತಡ್ಕೊಂತದೆ. ಅಷ್ಟು ವರ್ಷ ಏಟು ತಿಂದು ಅದನ್ನ ಕಾಪಾಡಿರೋದು ಡಬ್ಬ. ಅದಕ್ಕೆ ಯಾರಾದ್ರೂ ನೋಡೋರು ಬ್ಯಾಡವಾ?"

ಅವರ ಸಲಕರಣೆಯನ್ನು ನೋಡಿದರೆ ಯಾರೂ ನಂಬುವುದಿಲ್ಲ. ಮೈದಾ ಅಂಟು, ಹುಳ ಬೀಳದಂತೆ ಅದಕ್ಕೆ ಚಿಟಿಕೆ ಮೈಲುತುತ್ತ. ಮಡಿಕೆ ಕೂರಿಸಲು, ಉಜ್ಜಿ ಉಜ್ಜಿ ಗಾಜಿನಂತಾದ ತೆಂಗಿನ ಕರಟದ ಚೂರು. ತೆಳ್ಳನೆಯ ಬಿದಿರು ಚಕ್ಕೆಗಳು, ಹತ್ತಿ, ಬಣ್ಣದ ಪೆನ್ಸಿಲ್ಲು, ಭಾರಕ್ಕೆ ಎರಡು ಗುಂಡುಕಲ್ಲು. ನಾನು ಒಯ್ದುಕೊಟ್ಟ ಅಕ್ಕನ ಪೆಟ್ಟಿಗೆಯ ಮೂಲೆಗಳಿಗೆ ಯಾವಾಗಲೋ ಭಾವ ಹಚ್ಚಿದ್ದ ಸೆಲ್ಲೋ ಟೇಪು ಹಳದಿಯಾಗಿ ಕಚ್ಚಿಕೊಂಡಿತ್ತು. ಪಾರ್ವತಮ್ಮ ಅದಕ್ಕೆ ಬಿಸಿ ಗಾಳಿ ತೋರಿಸಿ, ನಿದ್ದೆ ಹೋದ ಮಗುವಿನ ಕೈಯಿಂದ ಗಿಲಕಿ ಬಿಡಿಸುವ ಹಾಗೆ ಬಿಡಿಸಿದರು. ಒಂದೇ ಒಂದು ಎಳೆ ಬಣ್ಣ ಕಿತ್ತು ಬರಲಿಲ್ಲ. ಉಬ್ಬಿದ ರಟ್ಟಿಗೆ ತೇವ ಕೊಟ್ಟು, ಕಾಗದದ ನಡುವೆ ಇಟ್ಟು, ಕಲ್ಲು ಹೇರಿದರು. ಬಿರಿದ ಮೂಲೆಗಳಿಗೆ ಒಳಗಡೆಯಿಂದ ಈರುಳ್ಳಿ ಸಿಪ್ಪೆಯಂಥ ಕಾಗದ ಕೊಟ್ಟರು. ನಾನು ದಿನವೂ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಹೋಗಿ ಅವರ ಕೈ ನೋಡುತ್ತಾ ಕೂರುವುದು ಅಭ್ಯಾಸವಾಯಿತು. ಮೂವತ್ತಮೂರು ವರ್ಷ ಬೋರ್ಡಿನ ಮುಂದೆ ಕೈಯಾಡಿಸಿದ ನನಗೆ, ಒಂದೂ ಸುಳ್ಳು ಚಲನೆಯಿಲ್ಲದ ಕೈ ಎಂದರೆ ಏನೆಂದು ಅಲ್ಲಿ ಗೊತ್ತಾಯಿತು.

ನಾಲ್ಕನೆಯ ದಿನ ಅವರು ಮುಚ್ಚಳದ ತೂತಿಗೆ ಬಂದರು. ಕನ್ನಡಕ ಮೇಲೇರಿಸಿ, ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಲಿ ಅಂದ್ರಂತಲ್ವಾ ನಿಮ್ಮ ಅಕ್ಕಾರು?"

"ಹೌದು. ಇಲಿ."

"ಇಲಿ ತಿಂದಿರೋದು ಎಷ್ಟು ನೋಡಿಲ್ಲ ನಾನು. ಇಲಿ ಹಲ್ಲು ಇಷ್ಟು ಅಗಲ ಇರಲ್ಲ ಮೇಷ್ಟ್ರೇ." ಬೆರಳು ಅಂಚಿನ ಮೇಲೆ ಮೆಲ್ಲಗೆ ಹೋಯಿತು. "ಮೊದ್ಲು ಬ್ಲೇಡಲ್ಲಿ ಕುಯ್ದವ್ರೆ. ಆಮ್ಯಾಕೆ ಕಚ್ಚವ್ರೆ. ಇಲ್ಲಿ ನೋಡಿ, ಮಧ್ಯದಲ್ಲಿ ಒಂದು ಹಲ್ಲಿನ ಗುರುತೇ ಇಲ್ಲ. ಮುಂದಿನ ಹಲ್ಲು ಬಿದ್ದಿರೋ ಮಗ ಇದು. ಆರೋ ಏಳೋ ವರ್ಸ."

ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಅರವತ್ತೈದು ವರ್ಷದವನಾಗಿ, ಪೆನ್ಷನ್ ತೆಗೆದುಕೊಳ್ಳುವ ಮನುಷ್ಯನಾಗಿ, "ಯಾರೋ ಪಕ್ಕದ ಮನೆ ಮಗು ಇರಬೇಕು" ಎಂದುಬಿಟ್ಟೆ. ಇಲಿಯನ್ನು ಬಿಟ್ಟು ಈಗ ಪಕ್ಕದ ಮನೆಯ ಮಗುವಿನ ತಲೆಗೆ ಕಟ್ಟಿದೆ.

"ಇರಬೋದು" ಎಂದರು ಪಾರ್ವತಮ್ಮ. "ಹೋಗ್ಲಿ, ಹೊಸಾದಾಗಿ ಬರ್ದು ಕೂರಿಸ್ತೀನಿ. ಚಿತ್ರ ಹೆಂಗಿತ್ತು, ಏನಾರಾ ಗ್ಯಾಪಕ ಐತಾ?"

ಅವರು ಪೆನ್ಸಿಲ್ಲು ಹಿಡಿದರು. ನಾನು ಹೇಳತೊಡಗಿದೆ. ಸೈಕಲ್ಲು ಬಲಕ್ಕೆ ಹೋಗುತ್ತಿದೆ. ಮುಂದಿನ ಚಕ್ರ ನೆಲದಿಂದ ಸ್ವಲ್ಪ ಮೇಲೆ. ರಿಬ್ಬನ್ ನೀಲಿ, ಅದರ ತುದಿ ಸೀಳಿದೆ. ಎಡಗಾಲಿನ ಶೂ ಬಿಳಿ, ದಾರ ಬಿಚ್ಚಿದೆ. ಫ್ರಾಕಿನ ಮೇಲೆ ಆರು ಗುಂಡಿ, ಅದರಲ್ಲಿ ಒಂದಕ್ಕೆ ಬಣ್ಣ ಹತ್ತಿಲ್ಲ.

ಪಾರ್ವತಮ್ಮ ಪೆನ್ಸಿಲ್ಲು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಎಲ್ಲೈತೆ ಮೇಷ್ಟ್ರೇ ಅದು?"

ಮರುದಿನ ಅಟ್ಲಾಸು ಕೊಂಡೊಯ್ದು, ರಟ್ಟು ನುಂಗಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಒಳರಟ್ಟು ತೆರೆದಾಗ ಸೈಕಲ್ ಹುಡುಗಿ ಹೊಸ ಬಣ್ಣದಲ್ಲಿ ಥಳಥಳಿಸಿದಳು. ಕತ್ತಲಲ್ಲಿ ಮುಚ್ಚಿಟ್ಟದ್ದರಿಂದ ಅವಳ ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಪಾರ್ವತಮ್ಮ ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಅಂಚಿಗೆ ಒಂದು ಹನಿ ನೀರು ಮುಟ್ಟಿಸಿ, ಬೆರಳಲ್ಲಿ ತಿಕ್ಕಿ ನೋಡಿ, "ಅನ್ನದ ಅಂಟು. ಬಚಾವಾದ್ರಿ. ಈಗಿನ ಗೋಂದು ಹಾಕಿದ್ರೆ ಜನ್ಮದಲ್ಲಿ ಬತ್ತಿರಲಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ ಹೇಳಿದರು: "ಎರಡು ದಾರಿ ಐತೆ. ಹೊಸಾದು ಬರ್ದು ಕೂರಿಸಿದ್ರೆ ಅಕ್ಕಾರಿಗೆ ಏನೂ ಗೊತ್ತಾಗಲ್ಲ, ಚೆನ್ನಾಗೇ ಕಾಣ್ತದೆ. ಇದನ್ನೇ ಕೂರಿಸಿದ್ರೆ, ಎಲ್ಲಿತ್ತು ಅಂತ ಕೇಳ್ತಾರೆ. ಏನ್ ಮಾಡ್ಲಿ, ನೀವು ಹೇಳಿ."

ಉಪದೇಶದ ಒಂದು ಮಾತಿಲ್ಲ. ಚಹಾಕ್ಕೆ ಸಕ್ಕರೆಯೋ ಬೆಲ್ಲವೋ ಎಂದು ಕೇಳಿದ ಹಾಗೆ ಕೇಳಿದರು. ನಾನು ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದೆ. ಮೂರು ದಿನ ಆ ಓಣಿಯ ಕಡೆ ತಲೆ ಹಾಕಲಿಲ್ಲ. ಸರೋಜಳಿಗೆ ಹೇಳಿದಾಗ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅತ್ತಿಗೆಗೆ ಎಪ್ಪತ್ತಾಗ್ತಾ ಬಂತು, ಇನ್ಯಾವಾಗ ಹೇಳ್ತೀರಾ?" ಎಂದಳು. ನಾಲ್ಕನೆಯ ದಿನ ಹೋಗಿ "ಇದನ್ನೇ ಕೂರಿಸಿ" ಎಂದೆ.

ಎರಡು ದಿನ ಅವರು ಅಂಚಿನಿಂದ ತೇವ ಕುಡಿಸುತ್ತಾ, ಬಿದಿರು ಚಕ್ಕೆ ತೂರಿಸುತ್ತಾ ಹುಡುಗಿಯನ್ನು ಅಟ್ಲಾಸಿನಿಂದ ಎಬ್ಬಿಸಿದರು. ಮುಚ್ಚಳಕ್ಕೂ ತುಂಡಿಗೂ ನಡುವೆ ನಾನು ತಿಂದಷ್ಟು ಜಾಗ ಖಾಲಿ ಉಳಿಯಿತು. "ಇದು ನಿಮ್ಮ ಹೊಟ್ಟೇಲಿ ಐತೆ, ನಾನೇ ತುಂಬ್ಕೋಬೇಕು" ಎಂದು ಗೊಣಗುತ್ತಾ, ಹಳೇ ರಟ್ಟನ್ನು ನೆನೆಸಿ ಅರೆದು, ಆ ಸಂದಿಗೆ ತುಂಬಿ, ಒಣಗಿಸಿ, ಉಜ್ಜಿ, ಪೆನ್ಸಿಲ್ಲಿನ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಬಣ್ಣ ಇಟ್ಟರು. ಹೊಸದಾಗಿ ತೆಗೆದ ಹುಡುಗಿ ಮಾಸಿದ ಡೇರೆಯಲ್ಲಿ ಎದ್ದು ಕಾಣಬಾರದೆಂದು ಡೇರೆಯನ್ನು ಹತ್ತಿಯಿಂದ ಒರೆಸಿ ಒರೆಸಿ ತಿಳಿಮಾಡಿದರು. ಮುಗಿದ ಮೇಲೆ ನಾನು ಎಲ್ಲಿ ಕತ್ತರಿಸಿದ್ದೆ ಎಂದು ನನಗೇ ಹುಡುಕಲಾಗಲಿಲ್ಲ. ಮುಚ್ಚಳ ತಿರುಗಿಸಿದರೆ ಮಾತ್ರ ಒಳಗಡೆ ತೇಪೆ ಎದ್ದು ಕಾಣುತ್ತಿತ್ತು, ಬೇಕೆಂದೇ ಬಣ್ಣ ಹಚ್ಚದೆ ಬಿಟ್ಟಿದ್ದರು.

"ಇದನ್ಯಾಕೆ ಮುಚ್ಚಲಿಲ್ಲ?"

"ಮುಂದೆ ಇನ್ಯಾರೋ ರಿಪೇರಿ ಮಾಡೋಕೆ ಕೂತಾಗ, ಇಲ್ಲಿ ಗಾಯ ಇತ್ತು ಅಂತ ಅವರಿಗೆ ಗೊತ್ತಾಗಬೇಕಲ್ಲ."

ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬೇಲೂರು ಬಸ್ಸು ಹತ್ತಿದೆ. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ನಮ್ಮ ಹಳೇ ಬೀದಿಯ ಕಡೆ ನೋಡದೆ ಕಡಲೆಕಾಯಿ ಕೊಂಡೆ. ಹಳೇಬೀಡಿನಲ್ಲಿ ಪ್ರವಾಸಕ್ಕೆ ಬಂದ ಶಾಲೆಯ ಹುಡುಗಿಯರು ಹತ್ತಿದರು. ಗುಡಿಯ ಕೈ ಮುರಿದ ಶಿಲ್ಪಗಳನ್ನು ನೋಡಿ ಬಂದವರು. "ಅಷ್ಟು ಚೆನ್ನಾಗಿರೋದಕ್ಕೆ ಒಂದು ಕೈ ಅಂಟಿಸಬಾರದಾ?" ಎಂದು ಒಬ್ಬಳು ಕೇಳಿದಳು. ಕಲ್ಲು ಹೇಗೋ ತಾಳಿಕೊಂಡು ನಿಲ್ಲುತ್ತದೆ, ರಟ್ಟನ್ನು ಹಾಗೇ ಬಿಟ್ಟರೆ ಇನ್ನೂ ಸೀಳುತ್ತದೆ ಎಂದು ಮೇಷ್ಟ್ರ ಚಪಲದಿಂದ ಹೇಳಹೊರಟವನು ಕಡಲೆಕಾಯಿ ಸುಲಿಯತೊಡಗಿದೆ.

ಅಕ್ಕ ಬಾಗಿಲಲ್ಲೇ ಪೆಟ್ಟಿಗೆ ಇಸಿದುಕೊಂಡಳು. ಮುಚ್ಚಳ ನೋಡಿದವಳು ಹಾಗೇ ಹೊಸಿಲ ಮೇಲೆ ಕೂತಳು. ಬೆರಳಿನಿಂದ ರಿಬ್ಬನ್ ಮುಟ್ಟಿದಳು, ನಾಯಿ ಮುಟ್ಟಿದಳು.

"ಇವಳೇ ಕಣೋ! ಅದೇ ಶೂ ದಾರ. ಎಲ್ಲಿ ಸಿಕ್ಕಿದಳೋ?"

ಬಸ್ಸಿನಲ್ಲಿ ಎರಡು ಮೂರು ಸುಳ್ಳು ಸಿದ್ಧಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಹೊಸಿಲ ಹೊರಗೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬ್ಲೇಡು, ಅನ್ನದ ಅಗುಳು, ಕಚ್ಚಿದ್ದು, ನುಂಗಿದ್ದು. ನುಂಗಿದ್ದು ಕೇಳಿ ಅಕ್ಕ ಜೋರಾಗಿ ನಕ್ಕಳು. "ಅಯ್ಯೋ ನಂಜ, ರಟ್ಟು ತಿಂದ್ಯೇನೋ!" ಎಂದು ಕಣ್ಣೊರೆಸಿಕೊಂಡಳು. ಅಬ್ಬ, ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವಳ ಮುಖ ಬದಲಾಯಿತು.

"ಹಂಗಾದ್ರೆ ಶೇಕ್‌ದಾರ?"

ಆ ಮರೆತ ಸಂಗತಿ ಇದು. ನಮ್ಮ ಮನೆಯಲ್ಲೊಂದು ಬೂದು ಬಣ್ಣದ ಬೆಕ್ಕಿತ್ತು. ಕಂದಾಯದ ಅಧಿಕಾರಿಯ ಹಾಗೆ ದಿನವೂ ಮನೆಯ ಮೂಲೆಮೂಲೆ ತನಿಖೆ ಮಾಡಿಕೊಂಡು ತಿರುಗುತ್ತಿದ್ದುದರಿಂದ ಅದಕ್ಕೆ ಶೇಕ್‌ದಾರ ಎಂದು ಹೆಸರಿಟ್ಟವಳು ಅಕ್ಕ. ಅದು ಮಲಗುತ್ತಿದ್ದುದು ಅವಳ ಕಾಲ ಬಳಿ. ಇಲಿ ಪೆಟ್ಟಿಗೆ ತಿಂದ ಮೇಲೆ ಅಪ್ಪ, "ಕಣ್ಣೆದುರೇ ಇಲಿ ತಿಂದು ಹೋದ್ರೂ ಹಿಡಿಯದ ಬೆಕ್ಕು ಯಾಕೆ ಬೇಕು?" ಎಂದು ಶೇಕ್‌ದಾರನನ್ನು ಗೋಣಿಚೀಲಕ್ಕೆ ಹಾಕಿ, ಕೊಬ್ಬರಿ ಲಾರಿಯಲ್ಲಿ ಕಳಿಸಿ, ಹಾರನಹಳ್ಳಿಯ ಹತ್ತಿರ ಬಿಡಿಸಿಬಿಟ್ಟರು. ಅಕ್ಕ ತಿಂಗಳುಗಟ್ಟಲೆ ಹಿತ್ತಲ ಬಾಗಿಲಲ್ಲಿ ತಟ್ಟೆಗೆ ಹಾಲು ಹಾಕಿಟ್ಟು ಕಾದಳು. ಅದು ಬರಲಿಲ್ಲ.

"ಅದು ಏನೂ ತಪ್ಪು ಮಾಡಿರಲಿಲ್ಲ" ಎಂದಳು ಅಕ್ಕ. ದನಿ ಎತ್ತಲಿಲ್ಲ. "ಇಲಿ ಬಂದೇ ಇರಲಿಲ್ಲ, ಅದೇನು ಹಿಡಿಯುತ್ತೆ? ನಾನೂ ಅದನ್ನ ಬೈದಿದ್ದೆ ಕಣೋ. ಚೀಲಕ್ಕೆ ಹಾಕೋವಾಗ ನನ್ನೇ ನೋಡ್ತಿತ್ತು. ನೀನು ಪಕ್ಕದಲ್ಲೇ ನಿಂತಿದ್ದೆ."

"ತಪ್ಪಾಯ್ತಕ್ಕ."

"ಪೆಟ್ಟಿಗೆ ರಿಪೇರಿ ಆಯ್ತು. ಬೆಕ್ಕಿಗೆ ಯಾವ ಅಂಟು ಹಚ್ತೀಯ?"

ಎದ್ದು ಒಳಗೆ ಹೋದಳು. ನಾನು ಜಗಲಿಯ ಮೇಲೆ ಒಂದು ಗಂಟೆ ಕೂತಿದ್ದೆ. ಒಳಗಿನಿಂದ ಪಾತ್ರೆಯ ಸದ್ದು ಬಂತು, ಒಗ್ಗರಣೆಯ ಘಮ ಬಂತು, ನನ್ನನ್ನು ಕರೆಯುವ ದನಿ ಮಾತ್ರ ಬರಲಿಲ್ಲ. ಬೇಲೂರಿನ ಅಕ್ಕನ ಮನೆಯಿಂದ ಒಂದು ಲೋಟ ಕಾಫಿ ಕೂಡ ಕುಡಿಯದೆ ವಾಪಸ್ಸು ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಹನ್ನೆರಡು ದಿನ ಫೋನಿಲ್ಲ. ದಿನವೂ ಸಂಜೆ ಫೋನ್ ಮಾಡಿ ಏನಡುಗೆ ಎಂದು ಕೇಳುವವಳು ಅವಳು. ನಾನು ಮಾಡಿದರೆ ಎತ್ತಲಿಲ್ಲ. ಪಾರ್ವತಮ್ಮನ ಹತ್ತಿರ ಹೋಗಿ, "ಹೊಸದಾಗಿ ಬರೆದು ಕೂರಿಸಿದ್ರೇ ವಾಸಿಯಿತ್ತು" ಎಂದು ಗೋಳಾಡಿದೆ. ಅವರು ಯಾವುದೋ ರೈಲುಬಂಡಿಯ ಡಬ್ಬಕ್ಕೆ ಅಂಟು ಹಚ್ಚುತ್ತಿದ್ದರು.

"ಅಂಟು ಹಚ್ಚಿದ ಮ್ಯಾಲೆ ಮೇಲಿಂದ ಮೇಲೆ ಮುಟ್ಟಿ ನೋಡಬಾರದು ಮೇಷ್ಟ್ರೇ. ಬಿಡಿ, ಒಣಗ್ಲಿ."

ಹದಿಮೂರನೆಯ ದಿನ ಅಕ್ಕನ ಫೋನು ಸರೋಜಳಿಗೆ ಬಂತು, ನನಗಲ್ಲ. "ಭಾನುವಾರ ಊಟಕ್ಕೆ ಬನ್ನಿ. ಆ ಪೆಟ್ಟಿಗೆ ಮಾಡಿದ ಅಮ್ಮನ್ನೂ ಕರ್ಕೊಂಡು ಬನ್ನಿ" ಎಂದಳಂತೆ. "ಇವರು?" ಎಂದು ಸರೋಜ ನನ್ನ ಬಗ್ಗೆ ಕೇಳಿದ್ದಕ್ಕೆ, "ಆ ಅಮ್ಮನ ಚೀಲ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ" ಎಂದಳಂತೆ.

ಹೋದೆವು. ಪಾರ್ವತಮ್ಮ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಂದಿದ್ದರು. ಬೆರಳ ಸಂದಿಯಲ್ಲಿ ಮಾತ್ರ ಹಿಂದಿನ ದಿನದ ಅಂಟು ಹಾಗೇ ಇತ್ತು. ಅಕ್ಕ ಅವರ ಎರಡೂ ಕೈ ಹಿಡಿದು ಒಳಗೆ ಕರೆದೊಯ್ದಳು. ಎಲೆಯ ಮುಂದೆ ಮೊದಲು ಅವರನ್ನು ಕೂರಿಸಿದಳು. ನನಗೆ ಕೊನೆಯಲ್ಲಿ ಬಡಿಸಿದಳು. ಹೋಳಿಗೆ ಹಾಕುವಾಗ "ತಿನ್ನು, ರಟ್ಟಿಗಿಂತ ಚೆನ್ನಾಗಿರುತ್ತೆ" ಎಂದಳು. ನಗಲಿಲ್ಲ, ಆದರೆ ತುಪ್ಪ ಹಾಕಿದಳು.

ಊಟವಾದ ಮೇಲೆ ಅಕ್ಕ ಪೆಟ್ಟಿಗೆಯನ್ನು ಪಾರ್ವತಮ್ಮನ ಕೈಗೆ ಕೊಟ್ಟು, "ಎಲ್ಲಿಡಬೇಕು ಅಂತ ನೀವೇ ಹೇಳಿ" ಎಂದಳು. ಪಾರ್ವತಮ್ಮ ಪಡಸಾಲೆಯ ಕಿಟಕಿ ನೋಡಿದರು, ಗೋಡೆಗೆ ಅಂಗೈ ಒತ್ತಿ ತೇವವಿದೆಯೇ ನೋಡಿದರು, ಕೊನೆಗೆ ಬಿಸಿಲು ತಾಗದ ಒಂದು ಗೂಡಿನಲ್ಲಿಟ್ಟು, ಸ್ವಲ್ಪ ಓರೆಯಾಗಿ ತಿರುಗಿಸಿದರು. ಅದರ ಮುಂದೆ ಚಾಪೆಯ ಮೇಲೆ ಕೂತರು. ಏಳಲೇ ಇಲ್ಲ.

"ಎಷ್ಟೋ ಡಬ್ಬ ಕಳಿಸಿವ್ನಿ ಕಣ್ರವ್ವಾ" ಎಂದರು ಅಕ್ಕನಿಗೆ. "ಡಿಲ್ಲಿ, ಮದ್ರಾಸು, ಎಲ್ಲೆಲ್ಲಿಗೋ ಹೋದ್ವು. ಚೆಂದಾಗೈತೆ ಅಂತ ಫೋನು ಮಾಡ್ತಾರೆ. ಆದ್ರೆ ಕೊಟ್ಟ ಮ್ಯಾಲೆ ಎಲ್ಲಿಟ್ಟವ್ರೆ, ಹೆಂಗಿಟ್ಟವ್ರೆ ಅಂತ ಒಂದನ್ನೂ ಕಣ್ಣಲ್ಲಿ ನೋಡಿರಲಿಲ್ಲ. ಬಾ ಅಂತ ಕರ್ದೋರು ನೀವೇ ಮೊದ್ಲು. ಕೊಟ್ಟ ಮಗಳ ಮನೆಗೆ ಬಂದಂಗಾಯ್ತು."

ಅಕ್ಕ ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಇಬ್ಬರೂ ಅದನ್ನೇ ನೋಡುತ್ತಿದ್ದರು. ನಾನು ಬಾಗಿಲ ಬಳಿ ಚೀಲ ಹಿಡಿದುಕೊಂಡು ನಿಂತು ಅವರಿಬ್ಬರನ್ನೂ ನೋಡಿದೆ. ಒಬ್ಬಳು ಕಳೆದುಕೊಂಡು ಉಳಿದದ್ದನ್ನು ಅಷ್ಟು ವರ್ಷ ಜೋಪಾನ ಮಾಡಿದವಳು, ಇನ್ನೊಬ್ಬರು ಯಾರಾರೋ ಕಳೆದುಕೊಂಡದ್ದನ್ನು ಕೂಡಿಸಿ ಕೊಡುವವರು. ಇಂಥವರ ನಡುವೆ ಚೀಲ ಹಿಡಿದು ನಿಲ್ಲುವ ಕೆಲಸವಾದರೂ ಸಿಕ್ಕಿತಲ್ಲ ಎನಿಸಿತು.

ಸಂಜೆ ಬಸ್ ಸ್ಟ್ಯಾಂಡಿನವರೆಗೂ ಅಕ್ಕ ಬಂದಳು. ಪಾರ್ವತಮ್ಮನಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, "ಮುಂದಿನ ಸಲ ಎರಡು ದಿನ ಇರೋ ಹಂಗೆ ಬರಬೇಕು" ಎಂದಳು. ಸರೋಜಳಿಗೆ ಹೂವು ಕೊಟ್ಟಳು. ಬಸ್ಸು ಹೊರಟಿತು. ನಾಲ್ಕು ಹೆಜ್ಜೆ ಅದರ ಜೊತೆಗೇ ನಡೆದು ಬಂದು, ನಾನು ಕೂತಿದ್ದ ಕಿಟಕಿಯ ಸರಳಿಗೆ ಕೈಯಿಟ್ಟು ಹೇಳಿದಳು:

"ನೀನೂ ಬಾರೋ."